ಹೇಳಿಕೊಟ್ಟವಳು

ಆ ವರ್ಷ ಗೂಡಿನ ಬೆಲೆ ಏರಿದ ಪರಿಗೆ ಕೋಡಿಹಳ್ಳಿ ಸುತ್ತಿನ ಊರುಗಳಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಕೊರೊನಾ ಕಾಲದಲ್ಲಿ ರಾಮನಗರದ ಮಾರ್ಕೆಟ್ಟಿನಲ್ಲಿ ಮೂಸಿ ನೋಡುವವರಿಲ್ಲದೆ ಬಿದ್ದಿದ್ದ ರೇಷ್ಮೆಗೂಡಿಗೆ, ಲಾಕ್‌ಡೌನ್ ತೆಗೆದದ್ದೇ ತಡ, ಬಂಗಾರದ ಬೆಲೆ ಬಂತು. ರಾಗಿ ಚೆಲ್ಲುತ್ತಿದ್ದ ಹೊಲಗಳಿಗೆಲ್ಲ ಹಿಪ್ಪುನೇರಳೆ ಕಡ್ಡಿ ಬಿತ್ತು. ಅಪ್ಪನ ಕಾಲದಿಂದ ಕುರಿ ಕಟ್ಟಿಕೊಂಡೇ ಬಂದಿದ್ದ ಕರಿಯಯ್ಯ ಕೂಡ ಮಂದೆಯಲ್ಲಿ ಅರ್ಧ ಮಾರಿ, ಕುರಿ ಕೂಡುವ ರೊಪ್ಪ ಇದ್ದ ಜಾಗದಲ್ಲಿ ಶೀಟು ಹೊದಿಸಿದ ಉದ್ದನೆಯ ಹುಳುಮನೆ ಎಬ್ಬಿಸಿದ. ಆಮೇಲೆ ಆ ಮನೆಯಲ್ಲಿ ಬಿಡುವು ಅನ್ನುವುದೇ ಇಲ್ಲವಾಯಿತು. ಒಂದು ಬೆಳೆಯ ಗೂಡು ಬಿಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿಹುಳ ಬಂದು ಸೊಪ್ಪಿಗೆ ಕಾಯುತ್ತಿರುತ್ತಿತ್ತು.

ಸೊಪ್ಪು ಹಾಕುವವಳು ಸೊಸೆ. ಹೆಸರು ಪುಟ್ಟಗೌರಿ, ಎಲ್ಲರ ಬಾಯಲ್ಲಿ ಗೌರಿ. ಮಾಗಡಿ ತಾಲ್ಲೂಕಿನ ಕಲ್ಯದವಳು. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿ, ಪೀಣ್ಯದಲ್ಲಿ ಕರೆಂಟು ಮೀಟರು ಮಾಡುವ ಕಂಪನಿಯಲ್ಲಿ ಎಂಬೆಡೆಡ್ ಎಂಜಿನಿಯರ್ ಆಗಿದ್ದಳು. ಎಂಬೆಡೆಡ್ ಅಂದರೇನು ಅಂತ ಅತ್ತೆ ಭದ್ರಮ್ಮ ಮದುವೆಯ ಹೊಸದರಲ್ಲಿ ಕೇಳಿದ್ದಕ್ಕೆ, "ಮಿಷನ್ನಿನ ಹೊಟ್ಟೇಲಿ ಒಂದು ಸಣ್ಣ ಚಿಪ್ಪು ಇರ್ತದೆ ಅತ್ತೆ, ಅದಕ್ಕೆ ಬುದ್ಧಿ ಹೇಳೋ ಕೆಲಸ" ಅಂದಿದ್ದಳು. ಬಸುರಿಯಾಗಿ ರಜೆಗೆ ಬಂದಾಗ ಕೊರೊನಾ ಬಂತು. ಕಂಪನಿ ಅವಳ ವಿಭಾಗವನ್ನೇ ಮುಚ್ಚಿತು. ಮಗಳು ಹುಟ್ಟಿದಳು, ಹುಳುಮನೆ ಎದ್ದಿತು, ಚಿಪ್ಪಿಗೆ ಬುದ್ಧಿ ಹೇಳುತ್ತಿದ್ದವಳ ಕೈಗೆ ಕುಡುಗೋಲು ಬಂತು.

ಗಂಡ ಬೀರೇಶನೂ ಓದಿದ್ದು ಅದನ್ನೇ. ಆದರೆ ಅವನು ಫೇಲಾಗಿ ಉಳಿದ ಪೇಪರುಗಳನ್ನು ಒಂದೊಂದಾಗಿ ಎಳೆದು ಪಾಸು ಮಾಡಿದವನು. ಕನಕಪುರದ ಅಂಗಡಿಯೊಂದರಲ್ಲಿ ಯುಪಿಎಸ್ಸು, ಬ್ಯಾಟರಿ ಮಾರುತ್ತಿದ್ದ. ಆ ಅಂಗಡಿಯೂ ಬಾಗಿಲು ಹಾಕಿತ್ತು. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸುತ್ತಿದ್ದ. ಬೇರೆಯವರ ಎದುರು ತಾನು ದಡ್ಡನಾಗಿ ಕಾಣಬಾರದು ಅನ್ನುವ ಒಂದು ಭಯ ಮಾತ್ರ ಅವನಿಗೆ ಚಿಕ್ಕಂದಿನಿಂದ ಅಂಟಿಕೊಂಡಿತ್ತು.

ಹುಳ ಪೊರೆ ಕಳಚುವ ಮೂರನೇ ಜ್ವರಕ್ಕೆ ಕೂತು ಸೊಪ್ಪು ಬಿಟ್ಟಿದ್ದ ಒಂದು ಮಧ್ಯಾಹ್ನ ಸಾಬಿರಾಳ ಫೋನು ಬಂತು. ಚನ್ನಪಟ್ಟಣದ ಸಾಬಿರಾ ಗೌರಿಯ ಜೊತೆ ಓದಿದವಳು. ಈಗ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಿದ್ದಳು.

"ಗೌರಿ, ನಮ್ಮ ಕಂಪನೀಲಿ ಈಗ ಹುಳುಮನೆಗೆ ಅಂತಲೇ ಒಂದು ಡಬ್ಬಿ ಮಾಡ್ತಾ ಇದ್ದಾರೆ. ಶಾಖ, ತೇವ ಎಲ್ಲಾ ಅದೇ ನೋಡ್ಕೊಳ್ಳೋ ಥರ. ಗೂಡಿಗೆ ಈ ರೇಟ್ ಬಂದ್ಮೇಲೆ ರೈತರು ತಗೊಂಡೇ ತಗೊತಾರೆ ಅಂತ. ಎಂಬೆಡೆಡ್‌ಗೆ ಜನ ಬೇಕು. ಹುಳಾನೂ ಗೊತ್ತಿರೋಳು, ಕೋಡೂ ಗೊತ್ತಿರೋಳು ನಿನ್ನ ಬಿಟ್ಟು ಇನ್ಯಾರಿದ್ದಾರೆ ಹೇಳು?"

ಗೌರಿಗೆ ಎದೆಯೊಳಗೆ ಏನೋ ಎದ್ದು ಕೂತಂತಾಯಿತು. ಸಂಜೆ ಎಲ್ಲರ ಎದುರೇ ಹೇಳಿದಳು. ಭದ್ರಮ್ಮ ರಾಗಿಹಿಟ್ಟಿನ ಕೈಯನ್ನು ಹಾಗೇ ಹಿಡಿದು, "ನೀನು ಹೊಂಟೋದ್ರೆ ಹುಳ ಯಾರವ್ವ ಮೇಯ್ಸೋರು? ಒಂದು ಬೆಳೆ ಕೈ ಕೊಟ್ರೆ ನಿನ್ ಸಂಬಳ ಯಾವ ಮೂಲೆಗೆ ಬತ್ತದೆ?" ಅಂದಳು.

ಕರಿಯಯ್ಯ ಬೀಡಿ ತುದಿಯ ಬೂದಿ ಕೊಡವಿದ. "ಓದಿರೋ ಹೆಣ್ಣು ಕಣೇ. ನೋಡಾನ ಬುಡು."

ಆಗ ಬೀರೇಶ, "ನಾನೂ ಹಾಕ್ತೀನಿ. ಜನ ಬೇಕು ಅಂದವ್ರೆ ಅಂದ್ಮೇಲೆ ಇಬ್ರೂ ಹಾಕಾನ" ಅಂದ.

ಗೌರಿಗೆ ಖುಷಿಯೇ ಆಯಿತು. ಒಂದೇ ಬೈಕಿನಲ್ಲಿ ಇಬ್ಬರೂ ಹಾರೋಹಳ್ಳಿಗೆ ಹೋಗಿ ಬರುವುದು, ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿ ಉಣ್ಣುವುದು, ಇಷ್ಟು ದೂರದವರೆಗೆ ಅವಳ ಮನಸ್ಸು ಆಗಲೇ ಹೋಗಿ ಬಂದಿತ್ತು.

ತಯಾರಿ ಹುಳುಮನೆಯಲ್ಲೇ ನಡೆಯಿತು. ಬೆಳಗ್ಗೆ ಸೊಪ್ಪು ಹಾಕುವಾಗ ಅವಳು ಬಾಯಲ್ಲಿ ಪ್ರಶ್ನೆ ಕೇಳುವುದು, ಅವನು ಸ್ಟ್ಯಾಂಡಿನ ಕಾಲಿಗೆ ಒರಗಿ ಕೂತು ಉತ್ತರ ಹೇಳುವುದು. ಮೊದಮೊದಲು ಅವನ ಬಾಯಿಂದ ಒಂದೂ ನೆಟ್ಟಗೆ ಬರಲಿಲ್ಲ. ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಗಿಳಿಯ ಹಾಗೆ ಉರು ಹೊಡೆದು ಒಪ್ಪಿಸುವನು. ಅವಳು ಅದನ್ನೇ ಒಸಿ ತಿರುಗಿಸಿ ಕೇಳಿದರೆ ಕಣ್ಣು ಕಣ್ಣು ಬಿಡುವನು.

"ಇಂಟರಪ್ಟ್ ಅಂದ್ರೆ ಏನು ಹೇಳಿ?"

"ಅದೇ ಕಣೇ, ಪ್ರೋಸೆಸರ್‌ಗೆ ಸಿಗ್ನಲ್ ಬತ್ತದಲ್ಲ..."

"ಪುಸ್ತಕ ಬುಡಿ. ನಾನು ಸೊಪ್ಪು ಕೊಯ್ತಾ ಇದೀನಿ, ಮಗು ಅಳ್ತದೆ. ಏನ್ ಮಾಡ್ತೀನಿ? ಎಲ್ಲೀಗಂಟ ಕೊಯ್ದೆ ಅಂತ ಗುರುತು ಇಟ್ಕೊಂಡು, ಕುಡುಗೋಲು ಕೆಳಗಿಟ್ಟು, ಹೋಗಿ ಮಗು ಎತ್ಕೊಂಡು ಸಮಾಧಾನ ಮಾಡಿ, ವಾಪಸ್ ಬಂದು ಅದೇ ಸಾಲಿಂದ ಕೊಯ್ಯೋಕೆ ಶುರು ಮಾಡ್ತೀನಿ. ಅಷ್ಟೇ ಇಂಟರಪ್ಟ್."

ಬೀರೇಶ ನಕ್ಕ. "ಹಂಗಾದ್ರೆ ವೊಲಟೈಲ್?"

ಆ ಪದ ಅವನಿಗೆ ಎಷ್ಟು ಓದಿದರೂ ಹತ್ತುತ್ತಿರಲಿಲ್ಲ. ಗೌರಿ ಮೂಲೆಯಲ್ಲಿದ್ದ ಸೊಪ್ಪಿನ ಮಂಕರಿ ತೋರಿಸಿದಳು. "ಬೆಳಿಗ್ಗೆ ಒಂದ್ಸಲ ಬಗ್ಗಿ ನೋಡಿ ಮಂಕರಿ ತುಂಬಾ ಐತೆ ಅಂತ ಮನಸ್ಸಲ್ಲಿ ಇಟ್ಕೊಂಡು ಕೂತ್ರೆ ಆಯ್ತದಾ? ನಮಗೆ ತಿಳೀದಂಗೆ ಅತ್ತೆ ಬಂದು ತಗೊಂಡು ಹೋಗಿರ್ತಾರೆ. ಬೇಕಾದಾಗೆಲ್ಲ ಎದ್ದು ಹೋಗಿ ಬಗ್ಗಿ ನೋಡ್ಬೇಕು. ಈ ಮಂಕರೀನ ನೆನಪಿಂದ ಲೆಕ್ಕ ಹೇಳ್ಬೇಡ, ಪ್ರತಿ ಸಲ ನೋಡಿ ಹೇಳು ಅಂತ ಕಂಪೈಲರ್‌ಗೆ ಹೇಳೋದೇ ವೊಲಟೈಲ್."

ಅವನ ಮುಖ ಅರಳಿತು. ಅಂದಿನಿಂದ ಅವನು ಬೇರೆ ಮನುಷ್ಯನೇ ಆದ. ಪಾಯಿಂಟರ್ ಅಂದರೆ ಮನೆ ಅಲ್ಲ, ಮನೆಯ ವಿಳಾಸ. ವಾಚ್‌ಡಾಗ್ ಅಂದರೆ ಆಗಾಗ ಅನ್ನ ಹಾಕದಿದ್ದರೆ ಬೊಗಳಿ ಮನೆಯವರನ್ನೆಲ್ಲ ಎಬ್ಬಿಸುವ ನಾಯಿ. ಅವಳು ಹೇಳಿದ್ದನ್ನೆಲ್ಲ ಮನಸ್ಸಿಗೆ ಇಳಿಸಿಕೊಂಡ. ಗೌರಿಗೆ ತನ್ನ ಸ್ವಂತ ಓದಿಗೆ ಹೊತ್ತು ಸಾಲಲಿಲ್ಲ. ಸಾಲದಿದ್ದರೂ ಚಿಂತೆ ಅನ್ನಿಸಲಿಲ್ಲ. ಹೇಳಿಕೊಡುತ್ತಾ ಹೇಳಿಕೊಡುತ್ತಾ ತನಗೇ ಎಲ್ಲ ಹೊಳಪು ಬರುತ್ತಿದೆ ಅಂದುಕೊಂಡಳು.

ಇಂಟರ್‌ವ್ಯೂ ದಿನ ಹುಳಕ್ಕೆ ಸೊಪ್ಪು ಹಾಕಿ, ಕೈಗೆ ಅಂಟಿದ ಹಸಿರು ಕಲೆ ಉಜ್ಜಿ ಉಜ್ಜಿ ತೊಳೆದು, ಮದುವೆಯಲ್ಲಿ ತವರಿನವರು ಕೊಟ್ಟಿದ್ದ ತಿಳಿನೀಲಿ ಚೂಡಿದಾರ ಹಾಕಿಕೊಂಡು ಬೈಕು ಹತ್ತಿದಳು. ಕಂಪನಿಯಲ್ಲಿ ಬೀರೇಶನನ್ನು ಮೊದಲು ಕರೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳಿಗೆ ಬಾಗಿಲ ಆಚೆಯಿಂದ ನಗು ಕೇಳಿಸಿತು, ಒಂದಲ್ಲ ಎರಡು ಸಲ. ಹೊರಗೆ ಬಂದವನು ಹೆಬ್ಬೆರಳು ಎತ್ತಿ ತೋರಿಸಿದ.

ಒಳಗೆ ಇಬ್ಬರಿದ್ದರು. ಮುಖ್ಯಸ್ಥ ಮುನಿರಾಮಯ್ಯ, ತಲೆ ನರೆತ ಎಂಜಿನಿಯರು, ಮಾತು ಮೆತ್ತಗೆ. ಪಕ್ಕದಲ್ಲಿ ನೇಮಕಾತಿ ನೋಡಿಕೊಳ್ಳುವ ಹೆಂಗಸು. ಮುನಿರಾಮಯ್ಯ ಬೋರ್ಡಿನ ಮೇಲೆ ಬರೆಸಿದ್ದನ್ನೆಲ್ಲ ಗೌರಿ ತಡವರಿಸದೆ ಬರೆದಳು. ಅವರು ತಲೆಯಾಡಿಸುತ್ತಾ ಹೋದರು. ಕೊನೆಗೆ, "ವೊಲಟೈಲ್ ಯಾವಾಗ ಬಳಸ್ತೀರಿ? ನಿಮ್ಮ ಮಾತಲ್ಲೇ ಹೇಳಿ" ಅಂದರು.

ಅವಳಿಗೆ ಬೇರೆ ಯಾವುದೂ ಹೊಳೆಯಲಿಲ್ಲ. ಹೊಳೆಯಬೇಕಾಗಿಯೂ ಇರಲಿಲ್ಲ, ತನ್ನದೇ ಮಾತು. "ಹುಳುಮನೇಲಿ ಒಂದು ಸೊಪ್ಪಿನ ಮಂಕರಿ ಇದೆ ಅಂದ್ಕೊಳ್ಳಿ ಸಾರ್..." ಅಂತ ಶುರು ಮಾಡಿದಳು.

ಮುನಿರಾಮಯ್ಯ ಆ ಹೆಂಗಸಿನ ಮುಖ ನೋಡಿದರು. ಇಬ್ಬರೂ ನಕ್ಕರು. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ.

"ಅತ್ತೆ ಬಂದು ಸೊಪ್ಪು ತಗೊಂಡು ಹೋಗ್ತಾರೆ, ಅಲ್ವಾ? ಈಗ ತಾನೇ ನಿಮ್ಮ ಯಜಮಾನ್ರು ಹೇಳಿದ್ರು. ಬಹಳ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ನಿಮಗೆ. ಒಳ್ಳೇ ಮೇಷ್ಟ್ರು."

"ಅದು ನಾನು ಅವರಿಗೆ ಹೇಳಿದ್ದು ಸಾರ್" ಅನ್ನುವ ಮಾತು ಗೌರಿಯ ನಾಲಗೆಯ ತುದಿಗೆ ಬಂದು ನಿಂತಿತು. ಅಂದರೆ ಏನಾಗುತ್ತದೆ? ಗಂಡ ಸುಳ್ಳ ಅಂತಾಗುತ್ತದೆ. ಅಥವಾ ಇವಳು ಹೊಟ್ಟೆಕಿಚ್ಚಿನವಳು ಅಂತ. ಹೊರಗೆ ಬೆಂಚಿನ ಮೇಲೆ ಅವನು ಕೂತಿದ್ದಾನೆ. ಅವಳು ಮುಗುಳ್ನಕ್ಕಳು.

ಆಮೇಲೆ ಆ ಹೆಂಗಸು ಕೇಳತೊಡಗಿದಳು. ಮಗುವಿಗೆ ಎಷ್ಟು ವಯಸ್ಸು, ಯಾರು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ರೇಷ್ಮೆ ಇದೆಯಂತಲ್ಲ, ಬೆಳೆ ಬಂದಾಗ ರಜೆ ಕೇಳುವುದಿಲ್ಲವಾ. ಕೊನೆಯಲ್ಲಿ, "ಒಂದೇ ಮನೆಯಿಂದ ಇಬ್ಬರನ್ನ ತಗೊಳ್ಳೋದಿಲ್ಲ, ಸದ್ಯಕ್ಕೆ ಹಾಗೊಂದು ನಿಯಮ ಇದೆ" ಅಂದಳು.

ಒಂದು ವಾರ ಕಳೆದು ಫೋನು ಬಂದದ್ದು ಬೀರೇಶನಿಗೆ. ಹುಳ ಹಣ್ಣಾಗಿ ಗೂಡು ಕಟ್ಟಲು ಶುರುಮಾಡಿದ್ದ ದಿನ; ಮನೆಮಂದಿಯೆಲ್ಲ ಹುಳ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಬಿಡುತ್ತಿದ್ದರು. ಅವನು ಫೋನು ಕಿವಿಗಿಟ್ಟುಕೊಂಡೇ ಹೊರಗೆ ಹೋದವನು ತಿರುಗಿ ಬಂದಾಗ ಮುಖ ನೋಡಿಯೇ ಎಲ್ಲರಿಗೂ ಗೊತ್ತಾಯಿತು.

"ಗೌರಿ, ನಾನು ಬ್ಯಾಡ ಅಂದ್ಬುಡ್ಲಾ? ನೀನೇ ಹೋಗೀವಂತೆ, ಕೇಳ್ತೀನಿ" ಅಂದ.

ಆ ಮಾತನ್ನು ಅವನು ಕೇಳಿದ ರೀತಿಯಲ್ಲಿ 'ಬೇಡ ಅನ್ನು' ಅನ್ನುವ ಬೇಡಿಕೆಯೇ ಇತ್ತು. ಅತ್ತೆಯ ಕೈಯಲ್ಲಿ ಹುಳ, ಮಾವನ ಕೈಯಲ್ಲಿ ಹುಳ, ಎಲ್ಲರೂ ಅವಳ ಕಡೆ ನೋಡುತ್ತಿದ್ದರು. "ಸಿಕ್ಕಿರೋದನ್ನ ಯಾಕೆ ಬುಡ್ತೀರಿ, ಹೋಗಿ" ಅಂದಳು. ಭದ್ರಮ್ಮ ಮರುದಿನವೇ ಕೆಂಗಲ್ ಆಂಜನೇಯನಿಗೆ ಹೇಳಿಕೊಂಡಿದ್ದ ಹರಕೆ ತೀರಿಸಿ, ಪ್ರಸಾದ ತಂದು ಸೊಸೆಯ ಕೈಗೂ ಹಾಕಿದಳು. "ನಿನ್ ಪುಣ್ಯ ಕಣವ್ವ" ಅಂದಳು. ಮನಸಾರೆ ಅಂದ ಮಾತೇ ಅದು.

ಇಂಟರ್‌ವ್ಯೂಗೆ ಹೇಳಿಕೊಟ್ಟ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲವಲ್ಲ. ಬೀರೇಶ ಹೋದ ಹೊಸದರಲ್ಲೇ ಒಂದು ಸಂಜೆ ಲ್ಯಾಪ್‌ಟಾಪನ್ನೂ ವೈರು ಚುಚ್ಚಿದ ಒಂದು ಬೋರ್ಡನ್ನೂ ಬ್ಯಾಗಿನಲ್ಲಿ ತಂದ. "ಒಸಿ ನೋಡೇ ಇದನ್ನ. ತೇವ ಅಳೆಯೋ ಸೆನ್ಸರ್ ಮಾತೇ ಆಡ್ತಿಲ್ಲ." ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಎಷ್ಟೋ ಕಾಲದ ಮೇಲೆ ಕೀಬೋರ್ಡಿನ ಮೇಲೆ ಬೆರಳಿಟ್ಟಾಗ ಅವಳಿಗೆ ಆದ ಸುಖವನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ತಪ್ಪು ಸಿಕ್ಕಿತು, ಸೆನ್ಸರ್ ಮಾತಾಡಿತು, ಬೀರೇಶ ಹಗುರಾದ.

ಅಲ್ಲಿಂದ ಅದೇ ರೂಢಿಯಾಯಿತು. ಸಂಜೆಯ ಸೊಪ್ಪು ಹಾಕಿ ಬಂದು ಅವಳು ಕೂರುವಳು. ಅವನು ಮಗಳನ್ನು ಆಡಿಸುವನು. ಹುಳುಮನೆಯಲ್ಲಿ ದಿನವಿಡೀ ಇದ್ದವಳಿಗೆ ಆ ಡಬ್ಬಿಗೆ ಏನು ಬೇಕು ಅನ್ನುವುದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಮರಿಹುಳಕ್ಕೆ ಶಾಖ, ತೇವ ಹೆಚ್ಚು ಬೇಕು. ದೊಡ್ಡ ಹುಳಕ್ಕೆ ತಂಪು ಬೇಕು, ಗಾಳಿ ಬೇಕು. ಕಂಪನಿಯ ಡಬ್ಬಿಯೋ, ಕರೆಂಟು ಹೋಗಿ ಬಂದರೆ ಎಲ್ಲ ಮರೆತು ಮತ್ತೆ ಮೊದಲಿಂದ ಮರಿಹುಳದ ಶಾಖಕ್ಕೇ ನಿಲ್ಲುತ್ತಿತ್ತು. ಈ ಸೀಮೆಯಲ್ಲಿ ಕರೆಂಟು ಹೋಗದ ದಿನ ಯಾವುದು? ಹುಳ ಯಾವ ಜ್ವರ ಕಳೆದಿದೆ ಅನ್ನುವುದನ್ನು ಡಬ್ಬಿ ತಾನೇ ಬರೆದಿಟ್ಟುಕೊಂಡು, ಕರೆಂಟು ಬಂದ ಮೇಲೆ ಅಲ್ಲಿಂದಲೇ ಮುಂದುವರಿಯುವ ಹಾಗೆ ಗೌರಿ ಬರೆದಳು. ಫ್ಯಾನು ಗಳಿಗೆಗೊಮ್ಮೆ ಹತ್ತಿ ಆರಿ ಮೋಟರು ಸುಡದ ಹಾಗೆ ಮಾಡಿದಳು. ಮೊದಲು ತಮ್ಮ ಹುಳುಮನೆಯಲ್ಲೇ ಇಟ್ಟು ನೋಡಿದಳು. ಆ ಬೆಳೆಯ ಗೂಡು ಕಲ್ಲಿನ ಹಾಗೆ ಗಟ್ಟಿಯಾಗಿ ಬಂತು.

ಡಬ್ಬಿ ಕನಕಪುರ, ಮಾಗಡಿ, ರಾಮನಗರ ಎಲ್ಲ ಕಡೆ ಹೋಯಿತು. ಬೀರೇಶ ಟೀಮ್ ಲೀಡರ್ ಆದ. ಅವನ ಕೈಕೆಳಗೆ ಹೊಸ ಹುಡುಗರು ಬಂದರು. ಹೊಸ ಶರ್ಟು, ಹೊಸ ಗಾಡಿ, ನಡಿಗೆಯಲ್ಲಿ ಹೊಸದೊಂದು ನಿಧಾನ. ಊರಿನವರು ಹುಳುಮನೆಯ ಡಬ್ಬಿ ತೋರಿಸಿ, "ನಮ್ ಕರಿಯಯ್ಯನ ಮಗ ಕಂಡುಹಿಡ್ದಿದ್ದು ಕಣ್ಲಾ" ಅನ್ನುವುದು ಗೌರಿಯ ಕಿವಿಗೂ ಬಿತ್ತು. ಅವಳು ಅದನ್ನೂ ನುಂಗಿಕೊಂಡಳು. ಗಂಡನ ಏಳಿಗೆ ತನ್ನದೇ ಅಂತ ಎಷ್ಟೋ ಹೆಂಗಸರು ಬದುಕಿಲ್ಲವೇ? ಮುಂದೆ ಎಂದಾದರೂ ಇನ್ನೊಂದು ಜಾಗ ಬಿದ್ದರೆ ತಾನೂ ಹೋಗುತ್ತೇನೆ, ಆಗ ಯಾರಿಗೂ ಏನೂ ಹೇಳಬೇಕಾಗುವುದಿಲ್ಲ, ಕೆಲಸವೇ ಹೇಳುತ್ತದೆ ಅಂದುಕೊಂಡಿದ್ದಳು.

ಬೀರೇಶ ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಯುಗಾದಿ ಕಳೆದ ಮೇಲೆ ಸಾಬಿರಾ ಮನೆಗೇ ಬಂದಳು. ತಮ್ಮನ ಮದುವೆಗೆ ಕರೆಯಲು. ಕಾಫಿ ಕುಡಿದು ಲೋಟ ಕೆಳಗಿಡುತ್ತಾ, "ಅಲ್ಲ ಗೌರಿ, ನೀನ್ಯಾಕೆ ಬೇಡ ಅಂದೆ?" ಅಂದಳು.

"ಏನನ್ನ?"

"ಕೆಲಸ. ಆ ಇಬ್ಬರನ್ನ ತಗೊಳ್ಳಲ್ಲ ಅನ್ನೋ ರೂಲು ಹೋಗಿ ಬಹಳ ದಿನ ಆಯ್ತಲ್ಲ. ನಾಲ್ಕು ಜಾಗ ಬಿದ್ದಿತ್ತು. ಮುನಿರಾಮಯ್ಯ ಸಾರ್ ಅವರೇ ಬೀರೇಶಣ್ಣನ್ನ ಕೇಳಿದ್ರು, ನಿಮ್ಮ ಮನೆಯವರು ಚೆನ್ನಾಗಿ ಮಾಡಿದ್ರು ಆವತ್ತು, ಬರ್ತಾರಾ ಅಂತ. ನಾನು ಅಲ್ಲೇ ಇದ್ದೆ. ಬೀರೇಶಣ್ಣ, ಅವಳಿಗೆ ಮನಸ್ಸಿಲ್ಲ ಸಾರ್, ಮನೆ-ಹುಳ ಅಂತ ನೆಮ್ಮದಿಯಾಗಿದ್ದಾಳೆ, ಕೋಡೆಲ್ಲ ಮರೆತೇ ಹೋಗಿದೆ ಅಂದ್ರು."

ಗೌರಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಬಚ್ಚಲಲ್ಲಿ ಅದನ್ನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಹೊರಗೆ ಬಂದು, "ಹೌದು ಕಣೇ, ಮಗು ಚಿಕ್ಕದು ಅಂತ" ಅಂದಳು. ಸಾಬಿರಾ ಅವಳ ಮುಖವನ್ನೇ ನೋಡಿದಳು. ಏನೋ ತಿಳಿದವಳ ಹಾಗೆ ಮದುವೆ ಕಾಗದ ಕೈಗಿಟ್ಟು ಎದ್ದಳು.

ಸಂಜೆ ಬೀರೇಶ ಬಂದಾಗ ಗೌರಿ ಹುಳುಮನೆಯಲ್ಲಿದ್ದಳು. ಅವನು ಎಂದಿನಂತೆ ಬ್ಯಾಗು ಹಿಡಿದೇ ಬಂದ.

"ಜಾಗ ಬಿದ್ದಿತ್ತಂತೆ" ಅಂದಳು.

ಅವನು ಸುಳ್ಳು ಹೇಳಲು ಬಾಯಿ ತೆರೆದ. ಆಮೇಲೆ ಮುಚ್ಚಿದ. "ಸಾಬಿರಾ ಹೇಳಿದ್ಲಾ?"

"ಯಾರ್ ಹೇಳಿದ್ರೆ ಏನು? ಕೋಡು ಮರೆತೋಗೈತೆ ಅಂದ್ರಂತೆ. ನೆನ್ನೆ ಸಂಜೆ ನಿಮ್ಮ ಲ್ಯಾಪ್‌ಟಾಪ್ ಮುಂದೆ ಕೂತಿದ್ದೋಳು ಯಾರು?"

"ಇಬ್ರೂ ಹೋದ್ರೆ ಹುಳ ಯಾರ್ ನೋಡ್ತಾರೆ ಗೌರಿ? ಅವ್ವಂಗೆ ಆಗಲ್ಲ. ಈ ರೇಟ್ ಇರೋವಾಗ..."

"ಹುಳದ ಮಾತು ಬುಡಿ. ನಿಜ ಹೇಳಿ."

ಬೀರೇಶ ಬ್ಯಾಗನ್ನು ಸ್ಟ್ಯಾಂಡಿನ ಕಾಲಿಗೆ ಒರಗಿಸಿ ನೆಲ ನೋಡುತ್ತಾ ನಿಂತ. ಸುತ್ತಲೂ ಹುಳ ಸೊಪ್ಪು ಮೇಯುವ ಸದ್ದು, ಎಲ್ಲೋ ದೂರದಲ್ಲಿ ಸೋನೆ ಹಿಡಿದ ಹಾಗೆ. ಕೊನೆಗೆ ಅವನು ಅಂದ: "ನೀನು ಅಲ್ಲಿಗೆ ಬಂದ್ರೆ ಒಂದು ವಾರಕ್ಕೆ ಎಲ್ರಿಗೂ ಗೊತ್ತಾಗೋಯ್ತದೆ ಕಣೇ. ಆಮೇಲೆ ನಾನು ಅಲ್ಲಿ ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ?"

ಅವಳು ಜಗಳಕ್ಕೆ ಸಿದ್ಧಳಾಗಿ ನಿಂತಿದ್ದವಳು. ಈ ಮಾತಿಗೆ ಏನು ಜಗಳ ಆಡುವುದು? ಅವನು ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು.

"ಇನ್ಮೇಲೆ ಆ ಬ್ಯಾಗ್ ನನ್ನ ಮುಂದೆ ತರ್ಬೇಡಿ" ಅಂದಳು.

ತಾನು ಕೈ ಬಿಟ್ಟರೆ ಅವನು ಎರಡೇ ದಿನಕ್ಕೆ ಮುಳುಗುತ್ತಾನೆ, ತಿರುಗಿ ಬಂದು ಕೇಳುತ್ತಾನೆ, ಆಗ ನೋಡೋಣ. ಒಳಗೊಳಗೇ ಅವಳು ನೆಚ್ಚಿದ್ದು ಇದನ್ನು. ಅವನು ಮುಳುಗಲಿಲ್ಲ. ಡಬ್ಬಿಯ ಕೆಲಸ ಆಗಲೇ ಮುಗಿದಿತ್ತು. ಚಿಕ್ಕಪುಟ್ಟ ರಿಪೇರಿಯನ್ನು ಕೈಕೆಳಗಿನ ಹುಡುಗರಿಗೆ ಹಂಚುತ್ತಿದ್ದ. ಟೀಮ್ ಲೀಡರ್ ಆದವನು ಬರೆಯಬೇಕಾಗಿರಲಿಲ್ಲ, ಬರೆಸಿದರೆ ಸಾಕಾಗಿತ್ತು. ಕೆಲಸ ಬರೆಸುವುದನ್ನು ಅವನು ಮನೆಯಲ್ಲೇ ಚೆನ್ನಾಗಿ ಕಲಿತಿದ್ದ. ಮುಂದಿನ ತಿಂಗಳು ಸಂಬಳವೂ ಏರಿತು.

ಗೌರಿ ತನ್ನ ಪಾಡಿಗೆ ತಾನು ತಯಾರಿ ಶುರು ಮಾಡಿದಳು. ಕೇಳುವವರಿಲ್ಲ, ಹೇಳಿಕೊಡುವವರಿಲ್ಲ, ಸೊಪ್ಪು ಹಾಕುತ್ತಾ ತಾನೇ ಪ್ರಶ್ನೆ ಹಾಕಿಕೊಂಡು ತಾನೇ ಉತ್ತರ ಹೇಳಿಕೊಳ್ಳುವಳು. ಪಕ್ಕದ ಮನೆಯ ಯಲ್ಲಮ್ಮ ಇದನ್ನು ನೋಡಿ, "ಭದ್ರಮ್ಮೋ, ನಿನ್ ಸೊಸೆ ಹುಳದ ಜೊತೆ ಮಾತಾಡ್ತದೆ, ಯಾರ್‌ಗಾದ್ರೂ ತೋರ್ಸು" ಅಂದಿದ್ದೂ ಆಯಿತು. ಓದಿದ್ದು ಯಾವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಯೋಡೇಟಾ ಬರೆಯುವುದು. ಪೀಣ್ಯದ ಕೆಲಸದ ಕೆಳಗೆ ಏನು ಬರೆಯಬೇಕು? ಅವಳ ಜೀವಮಾನದ ಒಳ್ಳೆಯ ಕೆಲಸವೆಲ್ಲ ಆ ಖಾಲಿ ವರ್ಷಗಳಲ್ಲೇ ಇತ್ತು, ಇನ್ನೊಬ್ಬರ ಹೆಸರಲ್ಲಿ.

ಅಲ್ಲಿ ಇಲ್ಲಿ ಹಾಕಿ, ಉತ್ತರವೇ ಬಾರದೆ, ಕೊನೆಗೆ ರಾಮನಗರದಿಂದ ಕರೆ ಬಂತು. ನೂಲು ಬಿಚ್ಚುವ ಮಿಷನ್ನಿಗೆ ಎಲೆಕ್ಟ್ರಾನಿಕ್ಸ್ ಜೋಡಿಸುವ ಸಣ್ಣ ಕಂಪನಿ. ನಡೆಸುತ್ತಿದ್ದವರು ಗಫಾರ್, ಅಪ್ಪನ ಫಿಲೇಚರಿನಲ್ಲಿ, ಗೂಡು ಬೇಯಿಸಿ ನೂಲು ತೆಗೆಯುವ ಬಿಸಿನೀರಿನ ತೊಟ್ಟಿಗಳ ನಡುವೆ ಬೆಳೆದು ಎಂಜಿನಿಯರ್ ಆದವರು. ಅವರು ಕೇಳಿದ್ದಕ್ಕೆಲ್ಲ ಗೌರಿ ಉತ್ತರ ಕೊಟ್ಟಳು. ಗಫಾರ್ ಮೆಚ್ಚಿದ್ದು ಕಾಣುತ್ತಿತ್ತು. ಆಮೇಲೆ ಮೇಜಿನ ಕೆಳಗಿಂದ ಒಂದು ಡಬ್ಬಿ ಎತ್ತಿ ಇಟ್ಟರು. ಮುಚ್ಚಳ ಬಿಚ್ಚಿತ್ತು. ಅವಳು ಆ ಬೋರ್ಡನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು.

"ನಾವೂ ಹುಳುಮನೆ ಕಡೆ ಬರೋಣ ಅಂತಿದ್ದೀವಿ. ಈ ಹಾರೋಹಳ್ಳಿಯವರದ್ದು ನೋಡಿದ್ದೀರಾ? ಕರೆಂಟ್ ಹೋಗಿ ಬಂದ್ರೂ ಹುಳ ಎಲ್ಲಿತ್ತು ಅನ್ನೋದು ಮರೆಯೋದಿಲ್ಲ. ಯಾರೋ ಹುಳುಮನೇಲೇ ಹುಟ್ಟಿ ಬೆಳೆದವರು ಬರೆದ ಹಾಗಿದೆ. ಹೇಗೆ ಮಾಡಿರಬಹುದು ಅನ್ಸುತ್ತೆ ನಿಮಗೆ?"

ಗೌರಿ ಹೇಳತೊಡಗಿದಳು. ಯಾವಾಗ ಬರೆದಿಡಬೇಕು, ಬರೆಯುವಾಗಲೇ ಕರೆಂಟು ಹೋದರೆ ಅರ್ಧ ಬರೆದದ್ದನ್ನು ಗುರುತಿಸುವುದು ಹೇಗೆ, ಅದಕ್ಕಾಗಿ ಎರಡು ಕಡೆ ಬರೆದಿಡುವುದು ಯಾಕೆ. ಎಷ್ಟೋ ದಿನದಿಂದ ಯಾರೂ ಕೇಳದೆ ಇದ್ದ ಮಾತು. ಕೇಳುವವರು ಸಿಕ್ಕಿದ ಕೂಡಲೇ ನಿಲ್ಲಲಿಲ್ಲ. ಗಫಾರ್ ಅವರ ಪೆನ್ನು ಮೊದಲು ಓಡುತ್ತಿತ್ತು. ಆಮೇಲೆ ನಿಂತಿತು.

"ಇದು ಊಹೆ ಥರ ಇಲ್ಲವಲ್ಲಮ್ಮ. ನಿಮ್ಮ ಯಜಮಾನ್ರು ಅಲ್ಲೇ ಇರೋದು ಅಂದ್ರಿ. ಅವರು ಕಂಪನಿ ಕೋಡ್ ಮನೆಗೆ ತಂದು ತೋರಿಸಿದ್ದಾರಾ? ಹಾಗಿದ್ರೆ ಹೇಳಿಬಿಡಿ. ನಾನು ಅಂಥವರನ್ನ ತಗೊಂಡ್ರೆ ನಾಳೆ ಹಾರೋಹಳ್ಳಿಯವರು ನನ್ನ ಮೇಲೆ ಕೇಸು ಹಾಕ್ತಾರೆ. ನಿಮ್ಮ ಯಜಮಾನ್ರ ಕೆಲಸಾನೂ ಹೋಗುತ್ತೆ."

ಈ ಸಲ ಮಾತು ನಾಲಗೆಯ ತುದಿಯಲ್ಲಿ ಬಹಳ ಹೊತ್ತು ನಿಂತಿತು. ಬರೆದವಳು ನಾನು. ಎರಡೇ ಪದ. ಆ ಎರಡು ಪದ ಆಡಿದರೆ ಬೀರೇಶನ ಕೆಲಸ ಹೋಗುತ್ತದೆ, ಈ ಕೆಲಸ ತನಗೆ ಸಿಗುವುದೂ ಇಲ್ಲ. ಆಡದಿದ್ದರೆ ಆ ಡಬ್ಬಿಯ ಕೋಡು ಎಂದಿಗೂ ತನ್ನದಲ್ಲ. ಅವನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ, ಅಪ್ಪನ ಹೆಗಲ ಮೇಲೆ ಕೂತ ಮಗಳ ಮುಖವೂ.

"ಇಲ್ಲ ಸಾರ್. ನಮ್ಮ ಹುಳುಮನೇಲಿ ಒಂದು ಇಟ್ಟಿದ್ದೀವಿ. ದಿನಾ ನೋಡಿ ನೋಡಿ ಹೀಗಿರಬಹುದು ಅಂದ್ಕೊಂಡೆ."

"ಹಾಗಾದ್ರೆ ಪೀಣ್ಯ ಬಿಟ್ಟ ಮೇಲೆ ಇಷ್ಟು ವರ್ಷ ನೀವು ಏನು ಮಾಡ್ತಿದ್ರಿ?"

"ಏನೂ ಇಲ್ಲ ಸಾರ್. ಹುಳ ಮೇಯಿಸ್ತಿದ್ದೆ."

ಗಫಾರ್ ತಲೆಯಾಡಿಸಿದರು. ಬುದ್ಧಿ ಚುರುಕಾಗಿದೆ, ಆದರೆ ಕೈ ಬಿಟ್ಟು ಬಹಳ ದಿನವಾಯಿತು. ಎಂಜಿನಿಯರ್ ಅಂತ ತಗೊಳ್ಳೋಕೆ ಆಗುವುದಿಲ್ಲ, ಈಗ ತಾನೇ ಕಾಲೇಜು ಮುಗಿಸಿದವರ ಜೊತೆ ಟ್ರೈನಿ ಆಗಿ ಸೇರಿಕೊಳ್ಳಿ, ಒಂದು ವರ್ಷ ನೋಡೋಣ ಅಂದರು. ಗೌರಿ ಒಪ್ಪಿಕೊಂಡಳು.

ಮನೆಯಲ್ಲಿ ಅವಳು ಅಂದುಕೊಂಡಷ್ಟು ಗಲಾಟೆಯೇನೂ ಆಗಲಿಲ್ಲ. ಹುಳುಮನೆಗೆ ಆಳು ಇಡುತ್ತೇನೆ, ಅದರ ಕೂಲಿ ನನ್ನ ಸಂಬಳದಲ್ಲೇ ಕೊಡುತ್ತೇನೆ ಅಂದಳು. ಕರಿಯಯ್ಯ ಹೂಂ ಅಂದ. ಬೀರೇಶ ಒಂದು ತುತ್ತು ಮುದ್ದೆ ನುಂಗಿ, ಅಪ್ಪನ ಎದುರೇ, "ಟ್ರೈನಿ ಆದ್ರೇನು ಬುಡು. ಏನಾರ ಗೊತ್ತಾಗ್ನಿಲ್ಲ ಅಂದ್ರೆ ನನ್ನ ಕೇಳು, ನಾನು ಯೋಳ್ಕೊಡ್ತೀನಿ" ಅಂದ.

ಅಣಕಕ್ಕೆ ಅಂದನೇನೋ ಅಂತ ಗೌರಿ ಅವನ ಮುಖ ನೋಡಿದಳು. ಅಣಕವಿರಲಿಲ್ಲ. ಅವನು ನಿಜವಾಗಿ ಅಂದಿದ್ದ. ಇಷ್ಟು ದಿನ ಊರೆಲ್ಲ ಹೇಳಿದ್ದನ್ನು ಕೇಳಿ ಕೇಳಿ, ಡಬ್ಬಿ ತಾನೇ ಮಾಡಿದ್ದು ಅಂತ ಅವನೂ ನಂಬಿಬಿಟ್ಟಿದ್ದ. ಅವಳಿಗೆ ಅವನ ಮೇಲೆ ಇದ್ದ ಸಿಟ್ಟು ಆ ಗಳಿಗೆಯಲ್ಲಿ ಸತ್ತಿತು. ಸಿಟ್ಟಿನ ಜೊತೆ ಉಳಿದಿದ್ದ ಇನ್ನೇನೋ ಕೂಡ. ಸಾರಿಗೆ ಉಪ್ಪು ಕಡಿಮೆಯಾಗಿದೆಯಾ ಅಂತ ಮಾವನನ್ನು ಕೇಳಿದಳು.

ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ ಸೇರಿಕೊಂಡಳು. ಜೊತೆಯ ಟ್ರೈನಿಗಳೆಲ್ಲ ಅವಳನ್ನು ಅಕ್ಕ ಅಂದರು. ಗಫಾರ್ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿ, ಕೊನೆಗೆ ಆ ಬಿಚ್ಚಿದ ಡಬ್ಬಿಯನ್ನು ಗೌರಿಯ ಮೇಜಿನ ಮೇಲೆ ತಂದಿಟ್ಟರು.

"ಒಳಗಿನ ಕೋಡ್ ನಮ್ಮ ಹತ್ರ ಇಲ್ಲ, ಬೇಕಾಗೂ ಇಲ್ಲ. ಇದು ಏನೇನು ಮಾಡುತ್ತೆ, ಯಾವ್ಯಾವಾಗ ಮಾಡುತ್ತೆ, ಹೊರಗಿಂದ ಅಳೆದು ನೋಡಿ ಬರೆದುಕೊಡಿ. ಅರ್ಥ ಆದಮೇಲೆ ಇದಕ್ಕಿಂತ ಒಳ್ಳೇದು ಮಾಡೋಣ. ನಿಮಗೆ ಕಲಿಯೋಕೆ ಒಳ್ಳೇ ಅವಕಾಶ. ಎಷ್ಟು ದಿನ ಬೇಕು?"

ಗೌರಿ ಸ್ವಲ್ಪ ಯೋಚಿಸುವವಳ ಹಾಗೆ ಮಾಡಿದಳು.

"ಒಂದು ತಿಂಗಳು ಕೊಡಿ ಸಾರ್" ಅಂದಳು.

ಅವರು ಹೋದ ಮೇಲೆ ಮೀಟರಿನ ಕಡ್ಡಿಗಳನ್ನು ಕೈಗೆ ತಗೊಂಡಳು. ಡಬ್ಬಿಗೆ ಕರೆಂಟು ಕೊಟ್ಟಳು. ಅದು ಒಮ್ಮೆ ಕಣ್ಣು ಮಿಟುಕಿಸಿ, ಯಾವ ಹುಳುಮನೆಯಲ್ಲೋ ಕೊನೆಯ ಸಲ ಬರೆದಿಟ್ಟುಕೊಂಡಿದ್ದ ನಾಲ್ಕನೇ ಜ್ವರವನ್ನು ತೋರಿಸಿತು. ಪಕ್ಕದ ಹುಡುಗಿ ಬಗ್ಗಿ ನೋಡಿ, "ಅಕ್ಕ, ಇದಕ್ಕೆ ಹೇಗೆ ನೆನಪಿರುತ್ತೆ?" ಅಂತ ಕೇಳಿದಳು.

"ಗೊತ್ತಿಲ್ಲ ಕಣಮ್ಮ" ಅಂದಳು ಗೌರಿ. "ನೋಡ್ಬೇಕು."